ಆಕಳು ಕಟ್ಟಿದವರಿಗೆ ಪಂಚಾಯ್ತಿ ಮನೆ ಸಿಗುವುದಿಲ್ಲವೇ?



ಕಾಲುಬಾಯಿ ಜ್ವರದ ಲಸಿಕೆಗೆಂದು ಹಳ್ಳಿಗೆ ಹೋದಾಗ ನಮ್ಮನ್ನು ಕೇಳುವ ಪ್ರಶ್ನೆಗಳೆಲ್ಲ ದನಗಳ ಬಗ್ಗೆಯೇ ಇರುವುದಿಲ್ಲ. 'ಎರಡು ಆಕಳಾ ಕಟ್ಟೀವ್ರಿ, ಡೇರಿಗೆ ಹಾಲು ಹಾಕ್ತೀವಿ. ಇನ್ನ ನಮಗ ಪಂಚಾಯ್ತಿ ಮನಿ ಬರಂಗಿಲ್ಲಂತ, ಖರೇನ್ರಿ ಸಾಹೇಬ್ರ?' ಎಂಬ ಮಾತು ಕುಷ್ಟಗಿ, ಯಲಬುರ್ಗಾ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಖರೆ ಅಲ್ಲ. 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಬದಲು ಬಂದ ಪ್ರಧಾನಮಂತ್ರಿ ಆವಾಸ್ (ಗ್ರಾಮೀಣ) ಯೋಜನೆಯಲ್ಲಿ ದನಕರು ಇರುವುದು ಅನರ್ಹತೆ ಅಲ್ಲವೇ ಅಲ್ಲ.

ಅನರ್ಹರಾಗುವುದು ಬೇರೆ ಕಾರಣಗಳಿಂದ. ಮೂರು ಅಥವಾ ನಾಲ್ಕು ಚಕ್ರದ ವಾಹನ, ಟ್ರ್ಯಾಕ್ಟರು, ಸರ್ಕಾರಿ ನೌಕರಿ, ಆದಾಯ ತೆರಿಗೆ, ವೃತ್ತಿ ತೆರಿಗೆ, ಮನೆಯಲ್ಲಿ ಒಬ್ಬರಿಗೆ ತಿಂಗಳಿಗೆ ರೂ. 15,000ಕ್ಕೂ ಮೀರಿದ ದುಡಿಮೆ ಇವು ಮುಖ್ಯವಾದವು. ಮೊದಲು ಮೋಟಾರ್ ಸೈಕಲ್ಲು, ಫ್ರಿಜ್ಜು ಇದ್ದರೂ ಹೆಸರು ಬಿಡುತ್ತಿದ್ದರು. 2024ರಲ್ಲಿ ಆ ಷರತ್ತು ತೆಗೆದರು, ಆದಾಯದ ಮಿತಿಯನ್ನೂ 10,000ದಿಂದ ಏರಿಸಿದರು.

ಹೈನುಗಾರರು ಗಮನಿಸಬೇಕಾದ ಷರತ್ತು ಇನ್ನೊಂದಿದೆ: ರೂ. 50,000 ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್. ಇಲ್ಲಿ ನೋಡುವುದು ಕಾರ್ಡಿನ ಮಿತಿಯನ್ನು, ಬಾಕಿ ಉಳಿದ ಸಾಲವನ್ನಲ್ಲ. 2019ರಿಂದ ಈ ಕಾರ್ಡು ಹೈನುಗಾರಿಕೆಗೂ ಸಿಗುತ್ತಿದೆ. ಒಳ್ಳೆಯ ಮಿಶ್ರತಳಿ ಹಸುವೊಂದರ ಬೆಲೆಯೇ ಇಂದು ಆ ಮೊತ್ತ ದಾಟುವಾಗ ಈ ಮಿತಿ ತೀರ ಕಡಿಮೆಯೆಂದೇ ನನ್ನ ಅಭಿಪ್ರಾಯ. ಆದರೂ ನಿಯಮ ಇರುವುದು ಹಾಗೆ. ಮನೆಗೆ ಕಾದಿರುವವರು ಕಾರ್ಡು ಮಾಡಿಸುವ ಮುನ್ನ ಯೋಚಿಸಿರಿ.

ಜಮೀನಿನ ಲೆಕ್ಕವೂ ನಮ್ಮ ಜಿಲ್ಲೆಗೆ ಸರಿಯಾಗಿ ಹೊಂದುವುದಿಲ್ಲ. ನೀರಾವರಿ 2.5 ಎಕರೆ ಇದ್ದರೆ ಅನರ್ಹರು, ಖುಷ್ಕಿಯಾದರೆ 5 ಎಕರೆ. ಗಂಗಾವತಿಯ ಎಡದಂಡೆ ಕಾಲುವೆಯ ಎರಡೂವರೆ ಎಕರೆ ಭತ್ತದ ಗದ್ದೆಯೂ, ಮಳೆ ಬಂದರುಂಟು ಇಲ್ಲದಿದ್ದರಿಲ್ಲ ಎನ್ನುವ ಕುಷ್ಟಗಿಯ ಐದು ಎಕರೆಯೂ ಒಂದೇ ಹೇಗಾದೀತು? ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ್ದರೆ, ನಿಮ್ಮ ಪಾಲು ಎಷ್ಟೆಂಬುದನ್ನು ಸ್ಪಷ್ಟವಾಗಿ ಹೇಳಿರಿ.

ಇನ್ನು ಸರದಿ. ಸೂರೇ ಇಲ್ಲದವರು, ಭಿಕ್ಷೆಯಿಂದ ಬದುಕುವವರು, ಮಲ ಹೊರುವ ಕೆಲಸದಲ್ಲಿದ್ದವರು, ಬಿಡುಗಡೆಯಾದ ಜೀತದಾಳುಗಳು ಎಲ್ಲರಿಗಿಂತ ಮುಂದೆ. ಆಮೇಲೆ ಒಂದು ಕೋಣೆಯ ಕಚ್ಚಾ ಮನೆ, ನಂತರ ಎರಡು ಕೋಣೆಯದು. ಒಂದೇ ಸಾಲಿನಲ್ಲಿರುವವರ ನಡುವೆ ಕೊರತೆಗಳನ್ನು ಎಣಿಸುತ್ತಾರೆ: 16ರಿಂದ 59 ವಯಸ್ಸಿನವರು ಯಾರೂ ಇಲ್ಲದಿರುವುದು, ದುಡಿಯುವ ಗಂಡಸಿಲ್ಲದೆ ಹೆಣ್ಣುಮಗಳೇ ನಡೆಸುವ ಸಂಸಾರ, 25 ಮೀರಿದವರಲ್ಲಿ ಓದುಬರಹ ಬಲ್ಲವರಿಲ್ಲದಿರುವುದು, ಅಂಗವಿಕಲರಿದ್ದು ದುಡಿಯಬಲ್ಲ ಬೇರೊಬ್ಬರಿಲ್ಲದಿರುವುದು, ಭೂಮಿಯಿಲ್ಲದ ಕೂಲಿ. ಅದೂ ಸಮನಾದರೆ ವಿಧವೆಯರಿರುವ ಮನೆ, ಕುಷ್ಠ ಅಥವಾ ಕ್ಯಾನ್ಸರ್ ಪೀಡಿತರಿರುವ ಮನೆ ಮುಂದೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಪಟ್ಟಿ ಪ್ರತ್ಯೇಕ.

ಹೀಗಾಗಿ ಕೋಣೆಯ ಸಂಖ್ಯೆ ಬಹಳ ಮುಖ್ಯ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಸಿಗುವುದು ದನ ಕಟ್ಟುವ ಅಂಕಣ. ಅದು ವಾಸದ ಕೋಣೆಯಲ್ಲ. ಸಮೀಕ್ಷೆಯವರು ಬಂದಾಗ ಇದನ್ನು ತೋರಿಸಿ ಹೇಳಿರಿ. ಹೊರಗೆ ಕಲ್ಲಿನ ಗೋಡೆ ಗಟ್ಟಿಯಾಗಿ ಕಂಡರೂ ಮೇಲೆ ಮಣ್ಣಿನ ಮಾಳಿಗೆಯಿದ್ದರೆ ಅದೂ ಅವರ ಕಣ್ಣಿಗೆ ಬೀಳಲಿ.

ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಓದಿ ಒಪ್ಪಿಗೆ ಪಡೆಯಬೇಕು. ಹೆಸರು ತೆಗೆದರೆ ಕಾರಣವನ್ನು ಠರಾವಿನಲ್ಲಿ ಬರೆಯಬೇಕು. ಹಾಲು ಅಳೆಯುವ ಹೊತ್ತೆಂದು ಸಭೆ ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಮನೆಯಿಂದ ಒಬ್ಬರಾದರೂ ಹೋಗಿ ಕೋಣೆ, ಜಮೀನು, ಕಾರ್ಡು ಹೇಗೆ ದಾಖಲಾಗಿವೆಯೆಂದು ಕೇಳಿರಿ. ತಪ್ಪಿದ್ದರೆ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿ ಇದೆ.

ಮಂಜೂರಾದರೆ ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ರೂ. 1.20 ಲಕ್ಷ, ಕಂತುಗಳಲ್ಲಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಷ್ಟರಲ್ಲಿ ಜನಕ್ಕೇ ಇಕ್ಕಟ್ಟು. ಆದ್ದರಿಂದ ಪಾಯ ತೆಗೆಯುವಾಗಲೇ ಹಿತ್ತಲಲ್ಲಿ ಆಕಳಿಗೆ ಗಾಳಿಯಾಡುವ ಬೇರೆ ಜಾಗ ಬಿಟ್ಟುಕೊಳ್ಳಿರಿ.