ಕಿತ್ತಳೆ ಬುಟ್ಟಿಯಿಂದ ಎದ್ದ ಕೊಠಡಿಗಳು

ಹರೇಕಳ ಹಾಜಬ್ಬ ಅವರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು, ಉತ್ತರಿಸಲಾಗದೆ ಅವರು ನೊಂದದ್ದು, ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಶಾಲೆಗಾಗಿ ಪಟ್ಟು ಹಿಡಿದದ್ದು. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದಲೇ.

ನೇತ್ರಾವತಿಯ ದಂಡೆಯ ಹರೇಕಳ ಗ್ರಾಮದ ನ್ಯೂಪಡ್ಪುವಿನಲ್ಲಿ 2000ರ ಹೊತ್ತಿಗೆ ಶಾಲೆ ಆರಂಭವಾದಾಗ ಮಕ್ಕಳು 28 ಮಂದಿ. ಆಗ ಶಾಸಕರಾಗಿದ್ದ ಯು.ಟಿ. ಫರೀದ್ ಬೆನ್ನಿಗೆ ನಿಂತಿದ್ದರಿಂದ ಅನುಮತಿ ಸಿಕ್ಕಿತು. ಕಟ್ಟಡ ಮಾತ್ರ ಇರಲಿಲ್ಲ. ಮದ್ರಸದಲ್ಲೇ ಪಾಠ ನಡೆಯಿತು. ಊರು ತನ್ನಲ್ಲಿದ್ದ ಸೂರನ್ನು ಮಕ್ಕಳಿಗೆ ಬಿಟ್ಟುಕೊಟ್ಟಿತು. ಈ ಶಾಲೆಗೆ ಸಿಕ್ಕ ಮೊದಲ ದೇಣಿಗೆ ಅದೇ ಎಂದು ನಾನು ತಿಳಿಯುತ್ತೇನೆ.

ಹೊಸ ಶಾಲೆಯ ಲೆಕ್ಕ ವಿಚಿತ್ರ. ಮೊದಲ ವರ್ಷ ಒಂದು ಕೋಣೆ ಸಾಕು. ಮರುವರ್ಷ ಆ ಮಕ್ಕಳು ಎರಡನೆಯ ತರಗತಿಗೆ ಹೋಗುತ್ತಾರೆ, ಒಂದನೆಯದಕ್ಕೆ ಹೊಸಬರು ಬರುತ್ತಾರೆ. ಈಗಿನ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಬಹುದು, ನಾಲ್ಕನೆಯದಕ್ಕೆ ಬಂದಾಗ ಬಿಸಿ ಮುಟ್ಟುತ್ತದೆ. ಕೊಠಡಿ ಸಾಲದ ಕಡೆ ಜಗಲಿಯೇ ತರಗತಿ. ಅತ್ತ ಮಗ್ಗಿ, ಇತ್ತ ಪದ್ಯ. ಗಾಳಿಮಳೆ ಬಂದರೆ ಚಾಪೆ ಸುತ್ತಿಕೊಂಡು ಎಲ್ಲರೂ ಒಳಗೆ. ಶಾಲೆಗೆ ಒಳ್ಳೆಯ ಹೆಸರು ಬಂದಷ್ಟೂ ಈ ಇಕ್ಕಟ್ಟು ಹೆಚ್ಚುತ್ತದೆ.

ಹಾಜಬ್ಬ ಇದನ್ನು ಎದುರಿಸಿದ್ದು ಬುಟ್ಟಿಯ ಸಂಪಾದನೆಯಿಂದ. ಮಕ್ಕಳು ಹೆಚ್ಚಿದಂತೆ ಉಳಿತಾಯದ ಹಣ ಹಾಕಿದರು, ಸಾಲ ಮಾಡಿದರು, ಶಾಲೆಗೆ ಜಾಗ ಕೊಂಡರು. ದಾನಿಗಳ ಬಾಗಿಲಿಗೆ ಹೋದರು, ಕಚೇರಿಗಳಿಗೆ ಅಲೆದರು. ಪ್ರಶಸ್ತಿಗಳ ಜೊತೆ ಬಂದ ಹಣವೂ ಶಾಲೆಗೇ ಸಂದಿತು. ತಾನು ಅಕ್ಷರ ಕಲಿಯದ ಮನುಷ್ಯ ಅರ್ಜಿಯ ಮೇಲೆ ಅರ್ಜಿ ಹಿಡಿದು ಓಡಾಡಿದ್ದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಜನ ಅವರಿಗೆ ಯಾಕೆ ಕೊಟ್ಟರು? ಕೊಟ್ಟದ್ದು ಎಲ್ಲಿ ಹೋಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಗೋಡೆ ಎದ್ದಿತ್ತು, ಅದರೊಳಗೆ ಮಕ್ಕಳು ಕೂತಿದ್ದರು. ಬೆಳಿಗ್ಗೆ ಶಾಲೆಯ ಅಂಗಳ ಗುಡಿಸುತ್ತಿದ್ದವರೂ ಹಾಜಬ್ಬ ಅವರೇ. ಇಂಥ ನಂಬಿಕೆ ಕರಪತ್ರ ಹಂಚಿದರೆ ಹುಟ್ಟುವುದಿಲ್ಲ.

ಕರಾವಳಿಯಲ್ಲಿ ಒಂದು ಕೋಣೆ ಏಳಿಸಬೇಕಾದರೆ ಮಳೆಗಾಲದ ಮುಂಚೆಯೇ ಏಳಿಸಬೇಕು. ಕೆಂಪುಕಲ್ಲು ಹತ್ತಿರದಲ್ಲೇ ಸಿಗುತ್ತದೆ. ಪಾಯ ತೋಡಲು, ಮಣ್ಣು ಹೊರಲು ಶ್ರಮದಾನಕ್ಕೆ ಕೈಗಳಿಗೆ ಕೊರತೆಯಿಲ್ಲ. ಒಬ್ಬರು ಸಿಮೆಂಟಿಗೆ, ಇನ್ನೊಬ್ಬರು ಕಿಟಕಿಗೆ ಮುಂದೆ ಬರುತ್ತಾರೆ. ಎಲ್ಲರೂ ಹಿಂದೆಗೆಯುವುದು ಜಾಗದ ಮಾತು ಬಂದಾಗ. ಹತ್ತು ಸೆಂಟ್ಸ್ ಬಿಟ್ಟುಕೊಡುವುದೆಂದರೆ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಒಪ್ಪಬೇಕು, ದಾನಪತ್ರ ಆಗಬೇಕು, ಪಹಣಿಯಲ್ಲಿ ಶಾಲೆಯ ಹೆಸರು ಕೂರಬೇಕು. ಬಾಯಿಮಾತಿನ ದಾನವನ್ನು ಮುಂದಿನ ತಲೆಮಾರು ನಡೆಸಿಕೊಡುತ್ತದೆಂಬ ಭರವಸೆಯಿಲ್ಲ. ಶಾಲೆಗೆ ನೆರವಾಗಬಯಸುವ ಹಳೆ ವಿದ್ಯಾರ್ಥಿಗಳು ಬಣ್ಣ, ಬೆಂಚುಗಳಿಗಿಂತ ಮೊದಲು ಜಾಗದ ಕಾಗದಪತ್ರ ನೋಡಲಿ ಎಂಬುದು ನನ್ನ ಆಗ್ರಹ.

ಊರವರು ಕೈಜೋಡಿಸಿದರೆಂದು ಸರ್ಕಾರದ ಹೊಣೆ ಇಳಿಯುವುದಿಲ್ಲ. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಅನುಪಾತವೂ ಅದರಲ್ಲೇ ಇದೆ. ಊರು ಕೊಠಡಿ ಕಟ್ಟಿಕೊಡಬಹುದು. ಅದರೊಳಗೆ ನಿಂತು ಕಲಿಸುವವರನ್ನು ಇಲಾಖೆಯೇ ಕಳಿಸಬೇಕು. ನ್ಯೂಪಡ್ಪುವಿನ ಶಾಲೆ ಸರ್ಕಾರಿ ಶಾಲೆಯಾಗಿಯೇ ಬೆಳೆಯಿತು. ಕಿತ್ತಳೆಯ ಹಣ ಬಂದರೂ ಅದು ಯಾರ ಖಾಸಗಿ ಸ್ವತ್ತೂ ಆಗಲಿಲ್ಲ, ಊರಿನ ಯಾವ ಮಗುವನ್ನೂ ಶುಲ್ಕ ಕೇಳಿ ಹೊರಗಿಡಲಿಲ್ಲ.

28 ಮಕ್ಕಳ ಆ ಶಾಲೆ ಹತ್ತನೆಯ ತರಗತಿಯವರೆಗೆ ಬೆಳೆದು, 175 ಮಕ್ಕಳ ಶಾಲೆಯಾಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್ 8ರಂದು ಹಾಜಬ್ಬ ಬರಿಗಾಲಲ್ಲಿ ನಡೆದುಬಂದು ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು. ಇಷ್ಟೆಲ್ಲ ಆದ ಮೇಲೂ ಅವರು ಸರ್ಕಾರದ ಮುಂದಿಟ್ಟ ಬೇಡಿಕೆ ಒಂದೇ: ಹತ್ತನೆಯದು ಮುಗಿಸಿದ ಮಕ್ಕಳಿಗೆ ತಮ್ಮ ಊರಿನಲ್ಲೇ ಪಿಯು ಕಾಲೇಜು ಬೇಕು.