ನಾಯಿಯು ಆಸನವನ್ನು ನೆಲಕ್ಕೆ ತಿಕ್ಕುವದೇಕೆ?

ಮುಧೋಳ ತಾಲೂಕಿನ ಲೋಕಾಪುರ ಭಾಗದಲ್ಲಿ ಹೊಲ ಕಾಯುವದಕ್ಕೂ ಕುರಿಹಿಂಡಿನ ರಕ್ಷಣೆಗೂ ನಾಯಿಯು ಬೇಕೇ ಬೇಕು. ಈ ಸೀಮೆಯ ಬೇಟೆನಾಯಿಯ ಕೀರ್ತಿಯು ಘೋರ್ಪಡೆ ಅರಸರ ಕಾಲದಿಂದಲೂ ಹಬ್ಬಿರುವದು; 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ನಾಯಿಯು ಆಸನವನ್ನು ನೆಲಕ್ಕೆ ತಿಕ್ಕುತ್ತ ತೆವಳಿದರೆ, “ಹೊಟ್ಟೆಯಲ್ಲಿ ಜಂತು” ಎಂದು ಹೇಳಿ ಸುಮ್ಮನಾಗುವವರೇ ಬಹಳ. ಜಂತುವು ಹಲವು ಕಾರಣಗಳಲ್ಲೊಂದು ಮಾತ್ರ. ಆದುದರಿಂದ ಮೊದಲು ಬಾಲವನ್ನೆತ್ತಿ ನೋಡತಕ್ಕದ್ದು.

ಗಂಧಚೀಲ: ಗುದದ್ವಾರದ ಎರಡೂ ಬದಿಗೆ, ಗಡಿಯಾರದ 4 ಮತ್ತು 8ರ ಸ್ಥಾನದಲ್ಲಿ, ಎರಡು ಸಣ್ಣ ಚೀಲಗಳಿರುವವು. ಗಟ್ಟಿ ಮಲವು ಹೊರಬೀಳುವಾಗ ಇವು ಬರಿದಾಗುವವು. ಮಲವು ಬಹುದಿನ ತೆಳ್ಳಗಿದ್ದರೆ ಒಳಗಿನ ದ್ರವವು ಕಟ್ಟಿಕೊಳ್ಳುವದು. ಆಗ ನಾಯಿಯು ಬಾಲದ ಬುಡವನ್ನು ಪದೇ ಪದೇ ನೆಕ್ಕುವದು. ಮೀನಿನಂಥ ನಾತ ಬರುವದು. ಒಂದು ಬದಿಗೆ ಕೆಂಪು ಬಾವು ಎದ್ದರೆ ಕೀವಾಗಿದೆಯೆಂದು ತಿಳಿಯತಕ್ಕದ್ದು. ಅದನ್ನು ಹಿಚುಕದೆ ಪಶುವೈದ್ಯರಿಗೆ ತೋರಿಸಬೇಕು.

ಲಾಡಿಹುಳ: ಗುದದ ಸುತ್ತಲಿನ ಕೂದಲಿಗೆ ಅಕ್ಕಿಕಾಳಿನಂಥ ತುಣುಕುಗಳು ಅಂಟಿದ್ದರೆ ಇದೇ ಕಾರಣವು. ನಾಯಿಯು ಚಿಗಟವನ್ನು ನುಂಗುವದರಿಂದ ಈ ಹುಳವು ಬರುವದು. ತೂಕಕ್ಕೆ ತಕ್ಕ ಪ್ರಾಜಿಕ್ವಾಂಟೆಲ್ ಗುಳಿಗೆಯ ಜೊತೆಗೆ ಚಿಗಟವನ್ನೂ ನಾಶಮಾಡದಿದ್ದರೆ ಹುಳವು ಮರಳಿ ಬರುವದು.

ಇತರ ಕಾರಣಗಳು: ಎಲುಬು ತಿಂದು ಮಲ ಕಟ್ಟುವದು, ಭೇದಿಯಿಂದ ಚರ್ಮ ಕೆಂಪಾಗುವದು, ಗಾಯಕ್ಕೆ ಹುಳ ಬೀಳುವದು. ಮುದಿ ಗಂಡುನಾಯಿಯ ಗುದದ ಪಕ್ಕದಲ್ಲಿ ಉಬ್ಬು ಕಂಡರೆ ಅದು ಗಡ್ಡೆಯಾಗಲಿ, ಒಳಗಿನ ಅಂಗವು ಜಾರಿದ್ದಾಗಲಿ ಆಗಿರಬಹುದು. ಯಾವ ಕಾರಣಕ್ಕೂ ಸೀಮೆಎಣ್ಣೆಯನ್ನು ಹಚ್ಚಬಾರದು. ಚರ್ಮವು ಸುಡುವದಲ್ಲದೆ, ನೆಕ್ಕಿದರೆ ವಿಷವಾಗುವದು.

ಇನ್ನೊಂದು ಮಾತನ್ನು ಊರ ಹಿರಿಯರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ನೀರುಗುಳ್ಳೆಗಳುಳ್ಳ ಕುರಿಯ ಹಸಿ ಯಕೃತ್ತು, ಪುಪ್ಪುಸಗಳನ್ನು ತಿಂದ ನಾಯಿಯ ಕರುಳಿನಲ್ಲಿ ಮತ್ತೊಂದು ಜಾತಿಯ ಅತಿ ಸಣ್ಣ ಲಾಡಿಹುಳವು ಬೆಳೆಯುವದು. ಇದರಿಂದ ನಾಯಿಯು ಆಸನ ತಿಕ್ಕದೆಯೂ, ಸೊರಗದೆಯೂ ಇರಬಹುದು. ಆದರೆ ಅದರ ಮಲದಲ್ಲಿಯ ತತ್ತಿಗಳು ಕೈಯಿಂದ ಬಾಯಿಗೆ ಹೋದರೆ, ಮನುಷ್ಯನ ಯಕೃತ್ತು ಪುಪ್ಪುಸಗಳಲ್ಲಿಯೂ ಅಂಥವೇ ಗುಳ್ಳೆಗಳು ವರುಷಗಟ್ಟಲೆ ಬೆಳೆಯುವವು. ನಾಯಿಯೊಡನೆ ಆಡುವ ಮಕ್ಕಳಿಗೆ ಈ ಅಪಾಯವು ಹೆಚ್ಚು.

ಆದುದರಿಂದ ಕುರಿ ಕೊಯ್ಯುವ ಸ್ಥಳದಲ್ಲಿ ಆಳವಾದ ತಗ್ಗನ್ನು ತೋಡಿಸಿ, ಕೆಟ್ಟ ಅಂಗಗಳನ್ನು ನಾಯಿಗೆ ಸಿಗದಂತೆ ಹುಗಿಸತಕ್ಕದ್ದು. ನಾಯಿಗಳಿಗೆ ಪಶುವೈದ್ಯರು ಹೇಳಿದ ಅವಧಿಗೊಮ್ಮೆ ಜಂತಿನ ಔಷಧವನ್ನು ಕೊಡಿಸತಕ್ಕದ್ದು. ನಾಯಿಯನ್ನು ಮುಟ್ಟಿದ ಮಕ್ಕಳು ಕೈತೊಳೆಯದೆ ಉಣ್ಣದಂತೆ ಮನೆಯವರು ನೋಡಿಕೊಳ್ಳತಕ್ಕದ್ದು.