ಜೊತೆಯವರ ವಸ್ತು ಕಳುವಾಗಿ ಬೆರಳು ನಮ್ಮತ್ತ ತಿರುಗಿದರೆ

ಕಾರ್ಖಾನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ತೂಗುಹಾಕಿದ ಅಂಗಿಯ ಕಿಸೆಯಿಂದ ಹಣ ಹೋಗುತ್ತದೆ. ಕಚೇರಿಯ ಮೇಜಿನ ಖಾನೆಯಲ್ಲಿಟ್ಟ ಕೈಗಡಿಯಾರವೋ ಮೊಬೈಲ್ ಫೋನೋ ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕಾಣೆಯಾಗುತ್ತದೆ. ಕೂಡಲೇ ಎಲ್ಲರ ಕಣ್ಣು ಹೊಸದಾಗಿ ಸೇರಿದವನ ಮೇಲೆ, ಸಂಜೆ ಕೊನೆಗೆ ಹೊರಟವನ ಮೇಲೆ, ಆ ಊರಿನ ಭಾಷೆ ಸರಿಯಾಗಿ ಬಾರದವನ ಮೇಲೆ ಬೀಳುತ್ತದೆ. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ, ಚೆನ್ನೈ, ದಿಲ್ಲಿಗಳಿಗೆ ಬಂದ ನಮ್ಮವರಲ್ಲಿ ಈ ಮೂರು ಲಕ್ಷಣಗಳೂ ಒಬ್ಬನಲ್ಲಿಯೇ ಕೂಡಿರುವುದು ಅಪರೂಪವೇನಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನಮ್ಮಲ್ಲಿದೆ. ಗಾದೆಯಲ್ಲಿ ಹೆಗಲು ಮುಟ್ಟಿಕೊಂಡವನೇ ಕಳ್ಳ. ಕೆಲಸದ ಜಾಗದಲ್ಲಿ ಹಾಗಲ್ಲ. ಮೇಲಧಿಕಾರಿ ನಾಲ್ಕು ಜನರ ಎದುರಿಗೆ ಗದರಿಸಿ ಕೇಳಿದರೆ ಏನೂ ಅರಿಯದವನ ನಾಲಗೆಯೂ ತಡವರಿಸುತ್ತದೆ, ಕೈ ನಡುಗುತ್ತದೆ. ಅಳುಕು ಪುರಾವೆಯಲ್ಲ. ಆದರೆ ಅಳುಕಿನಲ್ಲಿ ಮಾಡಿದ ಸಹಿ ಪುರಾವೆಯಾಗುತ್ತದೆ. ಆದುದರಿಂದ ಮೊದಲ ಒಂದೆರಡು ಗಂಟೆಗಳ ವಿಷಯವನ್ನೇ ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಆಪಾದಿತನನ್ನು ಕೋಣೆಯೊಳಗೆ ಕರೆಯುತ್ತಾರೆ, ಬಾಗಿಲಲ್ಲಿ ಕಾವಲಿನವನನ್ನು ನಿಲ್ಲಿಸುತ್ತಾರೆ. “ಒಪ್ಪಿಕೊಂಡುಬಿಡು, ಕೆಲಸ ಉಳಿಯುತ್ತದೆ, ಇಲ್ಲವಾದರೆ ಪೋಲೀಸರಿಗೆ ಒಪ್ಪಿಸುತ್ತೇವೆ” ಎಂದು ಹೇಳಿ, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಒಂದು ಕಾಗದವನ್ನು ಮುಂದಿಡುತ್ತಾರೆ. ನ್ಯಾಯಾಲಯದಲ್ಲಿ ಇಂತಹ ಒಪ್ಪಿಗೆಗೆ ಬೆಲೆ ಕಡಿಮೆ. ಅಧಿಕಾರದಲ್ಲಿರುವವನು ಬೆದರಿಸಿ ಅಥವಾ ಆಸೆ ತೋರಿಸಿ ಪಡೆದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಬಳಸಲಾಗದೆಂದು 1872ರ ಸಾಕ್ಷ್ಯ ಕಾಯಿದೆಯ 24ನೆಯ ಕಲಮು ಹೇಳುತ್ತಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 22ನೆಯ ಕಲಮು ಅದನ್ನೇ ಹೇಳುತ್ತದೆ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯೂ, 23ನೆಯ ಕಲಮಿನಂತೆ, ಆಪಾದಿತನ ವಿರುದ್ಧ ಸಲ್ಲುವುದಿಲ್ಲ. ಆದರೆ ಕಂಪನಿಯವರು ತಾವೇ ನಡೆಸುವ ಒಳವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಅನ್ವಯಿಸುವುದಿಲ್ಲ. ಅಲ್ಲಿ ಆ ಸಹಿಯೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ಹೀಗಾಗಿ ಜೈಲಿಗಿಂತ ಮೊದಲು ಕೆಲಸಕ್ಕೆ ಕುತ್ತು ಬರುತ್ತದೆ.

ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಬರೆದು ಕೊಡಲೇಬೇಕಾದರೆ ಕನ್ನಡದಲ್ಲಿಯೇ ಬರೆಯಿರಿ: “ನಾನು ತೆಗೆದುಕೊಂಡಿಲ್ಲ, ಇಂತಿಂತಹ ವೇಳೆಯಲ್ಲಿ ಇಂತಲ್ಲಿ ಇದ್ದೆ” ಎಂದು. ರಾಜೀನಾಮೆಯ ಕಾಗದಕ್ಕೂ ಇದೇ ಮಾತು. ಗೇಟಿನಲ್ಲಿ ಚೀಲ ತಪಾಸಣೆ ಮಾಡುವುದು ಅನೇಕ ಕಡೆ ಸೇವಾ ನಿಯಮದಲ್ಲಿಯೇ ಇರುತ್ತದೆ. ಅದಕ್ಕೆ ಜಗಳ ತೆಗೆಯುವುದು ಬೇಡ, ಇಬ್ಬರು ಸಾಕ್ಷಿಗಳ ಎದುರಿಗೆ ನೋಡಲಿ, ಹೆಂಗಸರನ್ನು ಹೆಂಗಸರೇ ನೋಡಲಿ. ಆದರೆ ಕೋಣೆಯಲ್ಲಿ ಕೂಡಿಹಾಕುವ ಅಧಿಕಾರ ಮಾಲೀಕರಿಗಿಲ್ಲ. ಅದು ಭಾರತೀಯ ನ್ಯಾಯ ಸಂಹಿತೆಯ 127ನೆಯ ಕಲಮಿನ ಪ್ರಕಾರ ಅಪರಾಧ.

ಹೋದ ಹಣವನ್ನು ಕೊಟ್ಟು ಪೀಡೆ ಕಳೆದುಕೊಳ್ಳೋಣವೆಂದು ಕೆಲವರು ಯೋಚಿಸುತ್ತಾರೆ, ಕೋಣೆಯ ಜೊತೆಗಾರರೂ ಹಾಗೆಯೇ ಬುದ್ಧಿ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದರಷ್ಟು ಕೆಟ್ಟ ಸಲಹೆ ಬೇರೊಂದಿಲ್ಲ. ಕೊಟ್ಟವನೇ ತೆಗೆದವನೆಂದು ಎಲ್ಲರೂ ತಿಳಿಯುತ್ತಾರೆ. ದೇವರ ಮುಂದೆ ಆಣೆಯಿಡುವುದೂ ಹಾಗೆಯೇ. ಮನಸ್ಸಿನ ಸಮಾಧಾನಕ್ಕೆ ಇಡಬಹುದು, ವಿಚಾರಣಾಧಿಕಾರಿಯ ಕಡತದಲ್ಲಿ ಅದು ಸೇರುವುದಿಲ್ಲ. ಸಹೋದ್ಯೋಗಿಯ ಕಳೆದುಹೋದ ಹಣವನ್ನು ನಿಮ್ಮ ಪಗಾರದಿಂದ ಮುರಿದುಕೊಳ್ಳಲೂ ಬರುವುದಿಲ್ಲ. ವೇತನ ಸಂಹಿತೆಯು ನಿಮ್ಮ ಸುಪರ್ದಿಗೆ ಒಪ್ಪಿಸಿದ ಸರಕು ಅಥವಾ ನೀವು ಲೆಕ್ಕ ಕೊಡಬೇಕಾದ ಹಣ ನಿಮ್ಮ ಅಲಕ್ಷ್ಯದಿಂದ ಹೋದರೆ ಮಾತ್ರ ಅಂತಹ ಮುರಿತಕ್ಕೆ ಎಡೆ ಕೊಡುತ್ತದೆ. ಪಕ್ಕದವನ ಪಾಕೀಟನ್ನು ಯಾರೂ ನಿಮ್ಮ ಸುಪರ್ದಿಗೆ ಕೊಟ್ಟಿರಲಿಲ್ಲ.

ಇನ್ನು ಪೋಲೀಸರ ಮಾತು. ಅಪ್ರಾಮಾಣಿಕ ಉದ್ದೇಶದಿಂದ, ಒಪ್ಪಿಗೆಯಿಲ್ಲದೆ, ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಕದಲಿಸುವುದೇ ಕಳವು. (ಮಳೆಗಾಲದಲ್ಲಿ ತನ್ನದೆಂದು ತಿಳಿದು ಬೇರೆಯವನ ಕೊಡೆ ಹಿಡಿದು ಹೋದವನು ಕಳ್ಳನಲ್ಲ.) ನ್ಯಾಯ ಸಂಹಿತೆಯ 303ನೆಯ ಕಲಮು ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ನೌಕರನು ಮಾಲೀಕನ ವಶದಲ್ಲಿರುವ ವಸ್ತುವನ್ನು ಕದ್ದರೆ 306ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಆಗಬಹುದು. ಜೊತೆಯ ಕೆಲಸಗಾರನ ಸ್ವಂತ ವಸ್ತುವಿನ ಪ್ರಕರಣ ಮೊದಲನೆಯ ಬಗೆಯದು. ಈ ಭೇದವನ್ನು ದೂರು ಬರೆಯುವವರು ಮರೆಯುವುದುಂಟು, ನೀವು ಮರೆಯಬೇಡಿ. ಕಳುವಾದ ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಾಗಿದ್ದರೆ, ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಪೋಲೀಸರು ತನಿಖೆ ನಡೆಸುವಂತಿಲ್ಲ, ವಾರಂಟಿಲ್ಲದೆ ಬಂಧಿಸುವಂತಿಲ್ಲ. ಅದು ಜಾಮೀನು ಸಿಗುವ ಅಪರಾಧವೂ ಹೌದು.

ಕಂಪನಿಯ ವಿಚಾರಣೆಗೆ ಬೇರೆಯ ದಾರಿಯಿದೆ. ಕೇಂದ್ರದ ಹಳೆಯ ಮಾದರಿ ಸ್ಥಾಯೀ ಆದೇಶಗಳು ಮಾಲೀಕನ ವ್ಯವಹಾರ ಅಥವಾ ಆಸ್ತಿಗೆ ಸಂಬಂಧಿಸಿದ ಕಳವನ್ನು ದುರ್ನಡತೆ ಎಂದು ಎಣಿಸಿದ್ದವು. ಅಂದಿನ ಮುಂಬಯಿ ರಾಜ್ಯದ 1959ರ ನಿಯಮಗಳ ಮಾದರಿ ಆದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಸ್ಥೆಯ ಆವರಣದೊಳಗೆ ಇನ್ನೊಬ್ಬ ಕೆಲಸಗಾರನ ವಸ್ತುವನ್ನು ಕದಿಯುವುದನ್ನೂ ಸೇರಿಸಿದವು. ನಿಮ್ಮ ಸಂಸ್ಥೆಯ ನಿಯಮದಲ್ಲಿ ಏನಿದೆಯೆಂದು ಕೇಳಿ ಓದಿಸಿಕೊಳ್ಳಿ. ಆಪಾದನಾ ಪತ್ರದಲ್ಲಿ ಆ ನಿಯಮದ ಸಂಖ್ಯೆ, ದಿನ, ವೇಳೆ, ಯಾರ ಯಾವ ವಸ್ತು ಎಂಬುದೆಲ್ಲ ಸ್ಪಷ್ಟವಾಗಿರಬೇಕು.

ವಿಚಾರಣೆ ನ್ಯಾಯವಾಗಿರಬೇಕಾದರೆ ಏನೇನು ಇರಬೇಕೆಂಬುದನ್ನು ಸುಪ್ರೀಂ ಕೋರ್ಟು 1963ರಲ್ಲಿ ಸುರ್ ಎನಾಮೆಲ್ ಕಾರ್ಖಾನೆಯ ಮೊಕದ್ದಮೆಯಲ್ಲಿ ಹೇಳಿದೆ. ಆಪಾದನೆಯನ್ನು ಸ್ಪಷ್ಟವಾಗಿ ತಿಳಿಸಬೇಕು. ಸಾಕ್ಷಿಗಳನ್ನು ಸಾಮಾನ್ಯವಾಗಿ ಆಪಾದಿತನ ಎದುರಿಗೇ ವಿಚಾರಿಸಬೇಕು. ಅವರನ್ನು ಪಾಟೀಸವಾಲು ಮಾಡಲು, ತನ್ನ ಕಡೆಯ ಸಾಕ್ಷಿಗಳನ್ನು ತರಲು ಅವನಿಗೆ ಅವಕಾಶವಿರಬೇಕು. ವಿಚಾರಣಾಧಿಕಾರಿ ತನ್ನ ತೀರ್ಮಾನಕ್ಕೆ ಕಾರಣ ಬರೆಯಬೇಕು. ನಮ್ಮವರಿಗೆ ಇದರಲ್ಲಿ ದೊಡ್ಡ ತೊಡಕು ಭಾಷೆಯದು. ಸಾಕ್ಷಿಯ ಮಾತೇ ಅರ್ಥವಾಗದಿದ್ದರೆ ಪಾಟೀಸವಾಲು ಎಲ್ಲಿಂದ ಬರಬೇಕು? ಮೊದಲ ದಿನವೇ “ನನಗೆ ಈ ಭಾಷೆ ತಿಳಿಯದು, ವಿವರಿಸುವವರು ಬೇಕು, ಯೂನಿಯನ್ನಿನ ಪ್ರತಿನಿಧಿ ಅಥವಾ ಸಹೋದ್ಯೋಗಿಯ ನೆರವು ಬೇಕು” ಎಂದು ಲಿಖಿತವಾಗಿ ಕೇಳಿ, ನಕಲು ಇಟ್ಟುಕೊಳ್ಳಿ. ಕೇಳದೆ ಸುಮ್ಮನಿದ್ದವನಿಗೆ ಮುಂದೆ ಆ ಆಕ್ಷೇಪಣೆ ಎತ್ತುವುದು ಕಷ್ಟ.

ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 300 ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಗಳಲ್ಲಿ ಮೊದಲ 90 ದಿನ ಅರ್ಧ ವೇತನ, ಆಮೇಲೆ, ವಿಳಂಬ ಕೆಲಸಗಾರನಿಂದ ಆಗದಿದ್ದರೆ, ಮುಕ್ಕಾಲು ವೇತನವನ್ನು ಜೀವನಭತ್ಯವಾಗಿ ಕೊಡಬೇಕು. ವಿಚಾರಣೆಯೂ ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕು.

ಈ ಭತ್ಯ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯ ಒಂದು ಪ್ರಕರಣವೇ ಸಾಕ್ಷಿ. ಅಲ್ಲಿಯ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರ ಜೂನ್‌ನಲ್ಲಿ ಪೋಲೀಸರು ದಾಳಿ ಮಾಡಿ, 4.5 ಗ್ರಾಂ ತೂಕದ ಚಿನ್ನದ ಉಂಡೆಯೂ 1276 ಗ್ರಾಂ ಚಿನ್ನದ ಅಂಶದ ಮರಳೂ ಸಿಕ್ಕಿದವೆಂದರು. ಅಮಾನತಾದ ಅವರು ಕೇರಳದ ತಮ್ಮ ಊರಿಗೆ ಹೋದರು. ಜೀವನಭತ್ಯ ಬರಲಿಲ್ಲ, ವಿಚಾರಣೆಗೆ ಬರಲು ಪ್ರಯಾಣದ ಹಣವೇ ಇಲ್ಲವಾಯಿತು. ಕಂಪನಿ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿತು. 1987ರಲ್ಲಿ ನ್ಯಾಯಾಲಯ, ಆ ವಸ್ತುಗಳು ಅವರ ಮನೆಯಲ್ಲಿ ಸಿಕ್ಕಿದ್ದೇ ಸಿದ್ಧವಾಗಿಲ್ಲವೆಂದು, ಅವರನ್ನು ಬಿಡುಗಡೆ ಮಾಡಿತು. ಆದರೂ ಕೆಲಸ ಮರಳಲಿಲ್ಲ. ಸುಪ್ರೀಂ ಕೋರ್ಟಿನಿಂದ ನ್ಯಾಯ ದೊರೆತದ್ದು 1999ರ ಮಾರ್ಚಿನಲ್ಲಿ. ಭತ್ಯ ಕೊಡದೆ ನಡೆಸಿದ ವಿಚಾರಣೆ ನಿಲ್ಲದು, ಒಂದೇ ಸಂಗತಿ ಒಂದೇ ಸಾಕ್ಷ್ಯದ ಮೇಲೆ ನಿಂತ ಎರಡು ನಡಾವಳಿಗಳಲ್ಲಿ ನ್ಯಾಯಾಲಯ ನಂಬದೆ ಹೋದದ್ದನ್ನು ಕಂಪನಿ ನಂಬಿ ಕೂರಲಾಗದು ಎಂಬುದು ತೀರ್ಪಿನ ಸಾರ. ಹಿಂದಿನ ಎಲ್ಲ ಸಂಬಳವನ್ನೂ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಲು ಆಜ್ಞೆಯಾಯಿತು. ಗೆದ್ದರು, ನಿಜ, ನಡುವೆ ಸುಮಾರು ಹದಿನಾಲ್ಕು ವರ್ಷಗಳು ಹೋಗಿದ್ದವು.

ಬಿಡುಗಡೆಯಾದವರಿಗೆಲ್ಲ ಕೆಲಸ ತಾನಾಗಿ ಮರಳುತ್ತದೆಂದು ಮಾತ್ರ ತಿಳಿಯಬಾರದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು. ಒಳವಿಚಾರಣೆಗೆ ‘ಹೀಗೇ ನಡೆದಿರಬೇಕು’ ಎಂದು ತೋರುವಷ್ಟು ಸಾಕ್ಷ್ಯ ಸಾಕು. ಆದರೂ ಸಾಕ್ಷ್ಯವೆಂಬುದು ಏನಾದರೂ ಇರಲೇಬೇಕು. ಡ್ರಾಫ್ಟ್ ಪುಸ್ತಕದ ಕಳವಿನ ಸಂಬಂಧದಲ್ಲಿ ವಜಾ ಆಗಿದ್ದ ಬ್ಯಾಂಕ್ ನೌಕರನೊಬ್ಬನ ಮೊಕದ್ದಮೆಯಲ್ಲಿ 2008ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೋಲೀಸರ ಪ್ರಥಮ ವರದಿಯೂ ಅವರ ಮುಂದಿನ ತಪ್ಪೊಪ್ಪಿಗೆಯೂ ತಾವಾಗಿ ರುಜುವಾತಾಗುವುದಿಲ್ಲ, ಸಂಶಯ ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಸ್ಥಾನ ತುಂಬದು ಎಂದಿತು.

ವಸ್ತು ಕಳೆದುಕೊಂಡವರೂ ನಮ್ಮಲ್ಲಿ ಇದ್ದಾರೆ. ಅವರು ಯಾರ ಹೆಸರನ್ನೂ ಹೇಳದೆ, ಏನು ಎಲ್ಲಿ ಯಾವಾಗ ಹೋಯಿತೆಂದಷ್ಟೇ ಬರೆದುಕೊಡಲಿ. ಸಂಶಯದ ಮೇಲೆ ‘ಕಳ್ಳ’ ಎಂದು ಸಾರುವುದು ಮಾನನಷ್ಟದ ಮೊಕದ್ದಮೆಗೆ ದಾರಿ.

ವಜಾ ಆದೇಶ ಕೈಗೆ ಬಂದರೆ, ಯೂನಿಯನ್ ಇಲ್ಲದಿದ್ದರೂ ಕೆಲಸಗಾರನೇ ನೇರವಾಗಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು. ಗುಮಾಸ್ತರಿಗೂ ಈ ಹಕ್ಕಿದೆ. ಗುತ್ತಿಗೆದಾರನು ಬಾಯಿಮಾತಿನಲ್ಲಿ “ನಾಳೆಯಿಂದ ಬರಬೇಡ” ಎಂದವನಿಗೂ ಇದೆ. ಹಳೆಯ ಕಾಯಿದೆಯಲ್ಲಿ ಮೂರು ವರ್ಷಗಳಿದ್ದ ಅವಧಿ ಹೊಸ ಸಂಹಿತೆಯಲ್ಲಿ ಎರಡಕ್ಕೆ ಇಳಿದಿದೆ, ಆದ್ದರಿಂದ ಊರಿಗೆ ಹೋಗಿ ಬಂದು ನೋಡೋಣವೆಂದು ಕೂರಬೇಡಿ. ವಕೀಲರ ಖರ್ಚಿಗೆ ಹೆದರುವವರು ತಿಳಿದಿರಬೇಕಾದದ್ದು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪೋಲೀಸರ ವಶದಲ್ಲಿರುವವರಿಗೆ ಉಚಿತ ವಕೀಲರನ್ನು ಒದಗಿಸುತ್ತದೆ. ಅರ್ಜಿಯನ್ನು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಕೊಡಬಹುದು. ದೂರವಾಣಿ ಸಂಖ್ಯೆ 15100. ಹೋಗುವಾಗ ನೇಮಕದ ಪತ್ರ, ಪಗಾರದ ಚೀಟಿ, ಆಪಾದನಾ ಪತ್ರ ಮತ್ತು ನೀವು ಬರೆದುಕೊಟ್ಟ ಉತ್ತರದ ನಕಲನ್ನು ಜೊತೆಗೆ ಕೊಂಡೊಯ್ಯಿರಿ.